ಸಕಲೇಶಪುರದ ಮಳೆಗೆ ನಿಂತ ಪರ್ಗೋಲಾ: ವಾರ್ನಿಷ್ ಕೆರೆದು ಎಣ್ಣೆ ಕುಡಿಸಿದ ನನ್ನ ಅನುಭವ

ನಮ್ಮ ಹೋಂಸ್ಟೇ ಅಂಗಳದ ಪರ್ಗೋಲಾ, ಅಂದರೆ ಮರದ ತೆರೆದ ಚಪ್ಪರ, ಎಣ್ಣೆ ಕುಡಿಸಿದ ಮೇಲೆ ಎರಡು ಮಳೆಗಾಲ ದಾಟಿದೆ. ಎಲ್ಲೂ ಸಿಪ್ಪೆ ಎದ್ದಿಲ್ಲ, ಬೂಸ್ಟಿಲ್ಲ. "ಈ ಮಳೆಗೆ ಬರೀ ಎಣ್ಣೆ ನಿಲ್ಲುತ್ತಾ ಸಾರ್?" ಎಂದಿದ್ದ ಆಚಾರಿಯೇ ಮೊನ್ನೆ ಕಂಬ ಸವರಿ ನೋಡಿ, ಏನು ಬೆರೆಸಿದ್ರಿ ಅಂತ ಕೇಳಿದರು.

ಕಂಬ ಮತ್ತಿ, ತೊಲೆ ಹಲಸು, ಮೇಲಿನ ರೀಪರ್ (ಅಡ್ಡ ಪಟ್ಟಿ) ಮಾತ್ರ ತೋಟದ ಸಿಲ್ವರ್ ಓಕ್. ಕಟ್ಟಿದವರು ಹೊಳೆಯುವ ವಾರ್ನಿಷ್ ಹೊಡೆದು ಕೊಟ್ಟಿದ್ದರು. ಮಳೆಗೆ ಮರ ಉಬ್ಬುತ್ತೆ, ಬಿಸಿಲಿಗೆ ಕುಗ್ಗುತ್ತೆ. ಮೇಲಿನ ಪದರ ಅದರ ಜೊತೆ ಆಡುವುದಿಲ್ಲ, ಸೀಳುತ್ತೆ. ಆ ಸೀಳಿನಲ್ಲಿ ಇಳಿದ ನೀರಿಗೆ ಹೊರಬರೋಕೆ ದಾರಿಯೇ ಇಲ್ಲ. ಮರುವರ್ಷ ಅವರೇ ಇನ್ನೊಂದು ಕೈ ಹೊಡೆದರು, ಏಳೆಂಟು ಸಾವಿರ ಹೋಯಿತು. ಆಗಸ್ಟ್ ಹೊತ್ತಿಗೆ ಹಾವಿನ ಪೊರೆಯ ಹಾಗೆ ಸುಲಿದು ಬಂತು. ಆಮೇಲೆ ಪಿಯು (ಪಾಲಿಯುರೆಥೇನ್ ಲೇಪನ) ಹೊಡೀತೀವಿ ಅಂತ ನಲವತ್ತು ಸಾವಿರದ ಹತ್ತಿರ ಕೇಳಿದರು. ನನಗೆ ಒಟ್ಟು ಖರ್ಚಾಗಿದ್ದು ಸುಮಾರು ಎಂಟು ಸಾವಿರ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೆರೆಯೋ ಕೂಲಿಗೇ ಹೋಯಿತು.

ಕಾಫಿ ಕೊಯ್ಲು ಮುಗಿದ ಮೇಲೆ ಶುರು ಮಾಡಿದೆವು, ಕಾಫಿ ಹೂ ಅರಳಿಸೋ ಹೂಮಳೆ ಬೀಳೋ ಮುಂಚೆ ಮುಗಿಸಬೇಕಿತ್ತು. ವಾರ್ನಿಷ್ ತೆಗೆಯೋಕೆ ಯಾವ ರಿಮೂವರ್ ಡಬ್ಬವೂ ಬೇಡ. ಒಡೆದ ಕಿಟಕಿ ಗಾಜಿನ ಚೂರು ಸಾಕು. ಅಂಚು ಮೊಂಡಾದರೆ ಬಿಸಾಕಿ ಇನ್ನೊಂದು ತಗೊಳ್ಳುವುದು. ಕೈಗೆ ದಪ್ಪ ಗ್ಲೌಸ್ ಇರಲೇಬೇಕು. ಆಮೇಲೆ 60, 80 ನಂಬರ್ ಸ್ಯಾಂಡ್ ಪೇಪರ್. ಅದಕ್ಕಿಂತ ನಯ ಮಾಡಿದರೆ ಮರ ಎಣ್ಣೆ ಕುಡಿಯುವುದು ಕಡಿಮೆ, ನಾನು 80ಕ್ಕೇ ನಿಲ್ಲಿಸಿದೆ.

ಮೊಳೆ ಹೊಡೆದ ಕಡೆಯೆಲ್ಲ ಕಪ್ಪು ಗೆರೆ ಇಳಿದಿತ್ತು. ಕಬ್ಬಿಣ ಮರದ ಒಗರಿಗೆ ಸೇರಿದರೆ ಹಾಗಾಗುತ್ತೆ. ಆಕ್ಸಾಲಿಕ್ ಆಸಿಡ್ ಬಿಸಿನೀರಲ್ಲಿ ಕರಗಿಸಿ ಹಚ್ಚಿದರೆ ಕಣ್ಣೆದುರೇ ಕಪ್ಪು ಕಂದಾಗಿ, ಆಮೇಲೆ ಮರದ ಬಣ್ಣಕ್ಕೇ ಬರುತ್ತೆ. ಅದು ವಿಷ, ಚೆನ್ನಾಗಿ ತೊಳೀಬೇಕು. ಮೊಳೆ ಕಿತ್ತು ತುಕ್ಕು ಹಿಡಿಯದ ಸ್ಟೀಲ್ ಸ್ಕ್ರೂ ಹಾಕಿದೆ.

ಅದನ್ನು ನೋಡಿದ ಮೇಲೆ ಉಲ್ಟಾ ಮಾಡಿದರೆ, ಅಂದರೆ ಒಗರು ಮತ್ತು ಕಬ್ಬಿಣ ಸೇರಿಸಿ ಬೇಕಂತಲೇ ಕಪ್ಪು ಮಾಡಿದರೆ ಹೇಗೆ ಅನ್ನಿಸಿತು. ತುಕ್ಕು ಮೊಳೆ ವಿನೆಗರ್‌ನಲ್ಲಿ ಒಂದು ವಾರ ನೆನೆಸಿಟ್ಟೆ. ಸಿಲ್ವರ್ ಓಕ್ ತುಂಡುಗಳಿಗೆ ಮೊದಲು ಒಂದಕ್ಕೆ ಕಾಫಿ ಡಿಕಾಕ್ಷನ್, ಒಂದಕ್ಕೆ ಟೀ, ಒಂದಕ್ಕೆ ಅಳಲೆಕಾಯಿ ಕಷಾಯ ಹಚ್ಚಿ, ಮೇಲೆ ಆ ತುಕ್ಕಿನ ನೀರು ಬಳಿದೆ. ಕಾಫಿದು ಸಪ್ಪೆ ಬೂದಿ, ಟೀದು ಪರವಾಗಿಲ್ಲ, ಅಳಲೆಕಾಯಿದು ಬೀಟೆ ಮರದಂಥ ಕಪ್ಪು! ರೀಪರ್‌ಗೆಲ್ಲ ಅದನ್ನೇ ಹಚ್ಚಿದೆ. ಬಂದ ಅತಿಥಿಗಳು ಬೀಟೆಯೇ ಅಂದ್ಕೊಳ್ಳುತ್ತಾರೆ.

ಎಣ್ಣೆ ಅಂದರೆ ಡಬಲ್ ಬಾಯಿಲ್ಡ್ ಅಗಸೆ ಎಣ್ಣೆ, ಐದಾರು ಲೀಟರ್. ಮೊದಲ ಕೈಗೆ ಅರ್ಧಕ್ಕರ್ಧ ಟರ್ಪೆಂಟೈನ್, ಎರಡನೇದಕ್ಕೆ ಕಡಿಮೆ, ಮೂರನೇದು ಬರೀ ಎಣ್ಣೆ. ಪ್ರತಿ ಕೈ ನಡುವೆ ಎರಡು ಮೂರು ದಿನ ಒಳ್ಳೆ ಬಿಸಿಲು ಬೇಕು. ಹಚ್ಚಿ ಇಪ್ಪತ್ತು ನಿಮಿಷಕ್ಕೆ ಮೇಲೆ ಉಳಿದಿದ್ದನ್ನು ಒರೆಸಲೇಬೇಕು, ಇಲ್ಲದಿದ್ದರೆ ತಿಂಗಳಾದರೂ ಅಂಟು ಹೋಗಲ್ಲ. ಒರೆಸಿದ ಬಟ್ಟೆ ಮುದ್ದೆ ಮಾಡಿ ಎಸೆಯಬೇಡಿ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳುತ್ತೆ. ನಾನು ನೀರಿನ ಬಕೆಟ್‌ಗೆ ಹಾಕುತ್ತಿದ್ದೆ.

ಬರೀ ಅಗಸೆ ಎಣ್ಣೆಗೆ ನಮ್ಮ ಥಂಡಿಯಲ್ಲಿ ಬೂಸ್ಟು ಹಿಡಿಯುತ್ತೆ, ಅದು ನಿಜ. ಅದಕ್ಕೆ ನಾನು ಒಂದು ಸಾಮಾನು ಬೆರೆಸಿದ್ದೇನೆ. ಗೇರುಬೀಜದ ಸಿಪ್ಪೆಯಿಂದ ತೆಗೆಯೋ ಗೇರೆಣ್ಣೆ ಅಲ್ಲ, ಅದು ಕೈ ಚರ್ಮ ಸುಡುತ್ತೆ. ಏನು, ಎಷ್ಟು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಆಚಾರಿಗೂ ಹೇಳಿಲ್ಲ.

ಕಂಬದ ಬುಡಕ್ಕೆ ಮಾತ್ರ ಯಾವ ಎಣ್ಣೆಯೂ ಸಾಲದು. ಜ್ಯಾಕ್ ಕೊಟ್ಟು ಎತ್ತಿ, ಮೆತ್ತಗಾಗಿದ್ದ ಗೇಣುದ್ದ ಕೊಯ್ದು ತೆಗೆದು, ಕೆಳಗೆ ಸೈಜುಗಲ್ಲು ಕೊಟ್ಟೆವು. ಕೊಯ್ದ ಮುಖಕ್ಕೆ ಎಣ್ಣೆ ಹಾಕುತ್ತಲೇ ಇದ್ದೆ, ಬೇಡ ಅನ್ನುವವರೆಗೂ ಕುಡಿಯಿತು. ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದಿದ್ದು ಇದೇ ಅಂತ ನನ್ನ ಲೆಕ್ಕ.

ಈಗ ವರ್ಷಕ್ಕೊಂದು ಕೈ ಹಚ್ಚುತ್ತೇನೆ, ಲೀಟರ್ ಎಣ್ಣೆ ಹಿಡಿಯುತ್ತೆ ಅಷ್ಟೇ. ಕೆರೆಯೋ ಗೋಜಿಲ್ಲ. ಮೇಲೆ ಹಬ್ಬಿದ ಪ್ಯಾಶನ್ ಹಣ್ಣಿನ ಬಳ್ಳಿಯನ್ನು ಜನವರಿಯಲ್ಲೇ ಕತ್ತರಿಸಿಕೊಂಡರೆ ತೊಲೆ ಮೇಲ್ಭಾಗಕ್ಕೂ ಬ್ರಶ್ ಹೋಗುತ್ತೆ.