ಕುಳ್ಳಗಿನ, ಚತುರ ರಷ್ಯನ್ ಆಟಗಾರ ಟ್ರೈಔಟ್ ಕ್ಯಾಂಪಿಗೆ ಬಂದಾಗ: ಏನನ್ನು ನೋಡಬೇಕು, ಹೇಗೆ ಅಳೆಯಬೇಕು

ಡ್ರಾಫ್ಟ್ (ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಆಯ್ಕೆ) ಮುಗಿದ ಬೆನ್ನಿಗೇ, ಹೆಚ್ಚಾಗಿ ಜುಲೈ ಮೊದಲ ವಾರದ ಹೊತ್ತಿಗೆ, ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ತಂಡಗಳು ಡೆವಲಪ್‌ಮೆಂಟ್ ಕ್ಯಾಂಪ್ ನಡೆಸುತ್ತವೆ. ತಾವು ಆರಿಸಿಕೊಂಡ ಹುಡುಗರ ಜೊತೆಗೆ, ಯಾವ ತಂಡವೂ ಆರಿಸದ ಕೆಲವರನ್ನೂ ಒಮ್ಮೆ ನೋಡೋಣ ಎಂದು ಕರೆಸುತ್ತವೆ. ಆ ಪಟ್ಟಿಯಲ್ಲಿ ಒಬ್ಬ ರಷ್ಯನ್ ವಿಂಗರ್ (ಅಂಚಿನಲ್ಲಿ ಆಡುವ ದಾಳಿಗಾರ) ಇದ್ದಾನೆ ಎನ್ನಿ: ಎತ್ತರ 174 ಸೆಂ.ಮೀ., ತೂಕ 72 ಕಿಲೋ, ಪಕ್ (ಆಟದ ರಬ್ಬರ್ ಬಿಲ್ಲೆ) ಮೇಲೆ ಅಪಾರ ಹಿಡಿತ. ಮೊದಲ ದಿನ ಎಲ್ಲರ ಕಣ್ಣೂ ಅವನ ಮೇಲೆಯೇ. ಕೊನೆಯ ದಿನ ವರದಿಯಲ್ಲಿ ಒಂದೇ ಸಾಲು: "ಕೈಚಳಕ ಇದೆ, ಆದರೆ ಸಣ್ಣವನು." ಆ ಸಾಲು ಬರೆಯಲು ಕ್ಯಾಂಪ್ ಬೇಕಿರಲಿಲ್ಲ, ಅಳತೆ ಟೇಪ್ ಸಾಕಿತ್ತು. ಕ್ಯಾಂಪಿನಲ್ಲಿ ಉತ್ತರ ಹುಡುಕಬೇಕಾದ ಪ್ರಶ್ನೆ ಒಂದೇ: ಸುತ್ತಲಿನ ಜಾಗ ಕಿರಿದಾದಾಗ ಅವನ ಕೌಶಲ ಉಳಿಯುತ್ತದೆಯೇ?

ಟರ್ಫ್ ಹಾಕಿ ನೋಡಿ ಬೆಳೆದವರು ಒಂದು ವ್ಯತ್ಯಾಸ ನೆನಪಿಟ್ಟುಕೊಳ್ಳಬೇಕು. ಕೊಡಗಿನ ಮೈದಾನದಲ್ಲಿ ಎದುರಾಳಿಯನ್ನು ಮೈಯಿಂದ ತಳ್ಳಿದರೆ ಫೌಲ್. ಐಸ್ ಹಾಕಿಯಲ್ಲಿ ಪಕ್ ಇರುವವನನ್ನು ಭುಜದಿಂದಲೋ ಸೊಂಟದಿಂದಲೋ ಗುದ್ದಿ ಬೋರ್ಡಿಗೆ, ಅಂದರೆ ಅಂಗಳದ ಸುತ್ತಲಿನ ಗೋಡೆಗೆ, ಒತ್ತುವುದು ನಿಯಮದೊಳಗಿನ ಆಟ. ಗಾತ್ರದ ಚರ್ಚೆ ಹುಟ್ಟುವುದೇ ಇಲ್ಲಿಂದ.

ಕರೆಸುವ ಮುನ್ನ

ರಷ್ಯಾದ ಲೀಗ್‌ಗಳ ಏಣಿಗೆ ಮೂರು ಮೆಟ್ಟಿಲು: ಕೆಳಗೆ 2009ರಲ್ಲಿ ಶುರುವಾದ ಯುವಕರ ಎಂಎಚ್‌ಎಲ್, ನಡುವೆ ವಿಎಚ್‌ಎಲ್, ಮೇಲೆ 2008ರಲ್ಲಿ ಶುರುವಾದ ಕೆಎಚ್‌ಎಲ್. ಎಂಎಚ್‌ಎಲ್‌ನ ಅಂಕಿಗಳನ್ನು ಇಡಿಯಾಗಿ ನುಂಗಬೇಡಿ. ಯಾರೋಸ್ಲಾವ್ಲ್‌ನ ಲೋಕೋ, ಸಿಎಸ್‌ಕೆಎಯ ಕ್ರಾಸ್ನಾಯಾ ಆರ್ಮಿಯಾ, ಎಸ್‌ಕೆಎ-1946 ಥರದ ತಂಡಗಳಿಗೂ ಪಟ್ಟಿಯ ಬುಡದಲ್ಲಿರುವ ತಂಡಗಳಿಗೂ ಅಜಗಜಾಂತರ. ಒಟ್ಟು ಪಾಯಿಂಟ್‌ಗಳನ್ನು (ಗೋಲು, ಅಸಿಸ್ಟ್ ಸೇರಿದ ಲೆಕ್ಕ) ಬಿಡಿಸಿ ನೋಡಿ. ಪವರ್‌ಪ್ಲೇಯಲ್ಲಿ, ಅಂದರೆ ಶಿಕ್ಷೆಯಿಂದ ಎದುರಾಳಿಗೆ ಆಟಗಾರ ಕಡಿಮೆಯಾದಾಗ, ಬಂದದ್ದೆಷ್ಟು, ಐವರೆದುರು ಐವರಿದ್ದಾಗ ಬಂದದ್ದೆಷ್ಟು? ಅಸಿಸ್ಟ್‌ಗಳಲ್ಲಿ ಗೋಲಿಗೆ ನೇರವಾಗಿ ಕೊಟ್ಟ ಪಾಸ್ ಎಷ್ಟು? ಬಲವಾದ ತಂಡಗಳೆದುರು ಮತ್ತು ಪ್ಲೇಆಫ್‌ನಲ್ಲಿ ಎಷ್ಟು? ಸಣ್ಣ ಆಟಗಾರರ ಪಾಯಿಂಟ್‌ನಲ್ಲಿ ಪವರ್‌ಪ್ಲೇ ಪಾಲು ಹೆಚ್ಚಿರುವುದು ಸಾಮಾನ್ಯ, ಯಾಕೆಂದರೆ ಅಲ್ಲಿ ಜಾಗ ತಾನಾಗಿಯೇ ಸಿಗುತ್ತದೆ.

ಕೆಎಚ್‌ಎಲ್ ಅಂಕಿಗಳಲ್ಲಿ ಇದಕ್ಕೆ ಉಲ್ಟಾ ಅಪಾಯ. ಹತ್ತೊಂಬತ್ತರ ಹುಡುಗನನ್ನು ಹದಿಮೂರನೇ ಫಾರ್ವರ್ಡ್ ಆಗಿ ಬೆಂಚಿನಲ್ಲಿ ಕೂರಿಸಿ, ಪಂದ್ಯಕ್ಕೆ ಎರಡೋ ಮೂರೋ ನಿಮಿಷ ಇಳಿಸುವುದು ಅಲ್ಲಿ ಮಾಮೂಲು. ಇಪ್ಪತ್ತು ಪಂದ್ಯ ಆಡಿ ಒಂದು ಪಾಯಿಂಟ್ ಗಳಿಸಿದ್ದಾನೆ ಎಂಬ ಸಾಲು ಐಸ್ ಟೈಮ್ ಪಕ್ಕದಲ್ಲಿಲ್ಲದಿದ್ದರೆ ಏನನ್ನೂ ಹೇಳುವುದಿಲ್ಲ.

ಹುಟ್ಟಿದ ತಾರೀಖನ್ನು ಎತ್ತರದ ಪಕ್ಕದಲ್ಲೇ ಬರೆಯಿರಿ. ಸೆಪ್ಟೆಂಬರ್ 15ರೊಳಗೆ 18 ತುಂಬಿದವರು ಆ ವರ್ಷದ ಡ್ರಾಫ್ಟಿಗೆ ಅರ್ಹರು. ಹೀಗಾಗಿ ಆಗಸ್ಟ್ ಕೊನೆಯಲ್ಲಿ ಹುಟ್ಟಿದವನೂ ಹಿಂದಿನ ಅಕ್ಟೋಬರ್‌ನಲ್ಲಿ ಹುಟ್ಟಿದವನೂ ಒಂದೇ ಡ್ರಾಫ್ಟ್‌ನಲ್ಲಿ ನಿಲ್ಲುತ್ತಾರೆ, ನಡುವೆ ಹತ್ತು ತಿಂಗಳ ಬೆಳವಣಿಗೆಯ ಅಂತರವಿದ್ದರೂ. ತಡವಾಗಿ ಬೆಳೆಯುವ ಮೈಯೇ ಎಂದು ತಿಳಿಯಲು ಕಳೆದ ಎರಡು ವರ್ಷಗಳ ಎತ್ತರ, ತೂಕ, ಜೊತೆಗೆ ಅಪ್ಪ ಅಮ್ಮನ ಎತ್ತರ ಕೇಳಿಟ್ಟುಕೊಳ್ಳಿ.

ಇನ್ನು ಕಾಗದಪತ್ರ. ರಷ್ಯನ್ ಕ್ಲಬ್ಬಿನ ಜೊತೆಗಿನ ಒಪ್ಪಂದ ಯಾವ ದಿನಾಂಕಕ್ಕೆ ಮುಗಿಯುತ್ತದೆ ಎಂಬುದನ್ನು ಏಜೆಂಟ್ ಬಾಯಿಮಾತಿಗೆ ಬಿಡದೆ ಬರಹದಲ್ಲಿ ತರಿಸಿಕೊಳ್ಳಿ. ಎನ್‌ಎಚ್‌ಎಲ್‌ಗೂ ರಷ್ಯಾಕ್ಕೂ ಆಟಗಾರರ ವರ್ಗಾವಣೆ ಒಪ್ಪಂದ ಇಲ್ಲ. 2022ರ ನಂತರ ಅಮೆರಿಕ, ಕೆನಡಾಗಳಿಗೆ ರಷ್ಯಾದಿಂದ ನೇರ ವಿಮಾನವೂ ಇಲ್ಲ. ಅಮೆರಿಕದ ವೀಸಾಕ್ಕೆ ಬಹುಪಾಲು ಮೂರನೇ ದೇಶಕ್ಕೆ ಹೋಗಿ ಸಂದರ್ಶನ ಕೊಡಬೇಕಾಗುತ್ತದೆ. ಕ್ಯಾಂಪಿಗೆ ಮೂರು ತಿಂಗಳು ಮೊದಲೇ ಈ ಕೆಲಸ ಶುರು ಮಾಡದಿದ್ದರೆ ಹುಡುಗ ಕ್ಯಾಂಪಿನ ಹಿಂದಿನ ರಾತ್ರಿ ಬಂದಿಳಿಯುತ್ತಾನೆ. ಮಾಸ್ಕೋಗೂ ಟೊರಾಂಟೋಗೂ ಬೇಸಿಗೆಯಲ್ಲಿ 7 ಗಂಟೆ ಅಂತರ, ಚೆಲ್ಯಾಬಿನ್‌ಸ್ಕ್‌ನಿಂದಾದರೆ 9. ನಿದ್ದೆಗೆಟ್ಟ ಕಾಲುಗಳನ್ನು ನೋಡಿ "ಮೊದಲ ಹೆಜ್ಜೆ ನಿಧಾನ" ಎಂದು ಬರೆದ ವರದಿಗಳು ಬಹಳ ಇವೆ. ಐದು ದಿನ ಮೊದಲು ಕರೆಸಿ. ಅದಾಗದಿದ್ದರೆ ಮೊದಲೆರಡು ದಿನಗಳ ವೇಗದ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮೈಯ ಅಳತೆ

ತಂಡದ ಪಟ್ಟಿಯಲ್ಲಿ ಅಚ್ಚಾದ ಎತ್ತರವನ್ನು ನಂಬಬೇಡಿ. ಬೆಳಗ್ಗೆ, ಬರಿಗಾಲಲ್ಲಿ, ಗೋಡೆಗೆ ನಿಲ್ಲಿಸಿ ನೀವೇ ಅಳೆಯಿರಿ. ತಿಂಡಿಗೆ ಮುನ್ನ ತೂಕ ತೆಗೆದುಕೊಳ್ಳಿ. ಎತ್ತರಕ್ಕಿಂತ ಹೆಚ್ಚು ಹೇಳುವುದು ಸೊಂಟದ ಕೆಳಗಿನ ಭಾಗ: ತೊಡೆ, ಪೃಷ್ಠ, ಕಣಕಾಲಿನ ಬಲ. ರಷ್ಯನ್ ವಿಂಗರ್ ಕಿರಿಲ್ ಕಪ್ರಿಜೋವ್ ಎತ್ತರ ಸುಮಾರು 178 ಸೆಂ.ಮೀ., ತೂಕ ಮಾತ್ರ 90 ಕಿಲೋ ಆಸುಪಾಸು. ಅವನನ್ನು ಪಕ್‌ನಿಂದ ಕದಲಿಸಲು ಅವನಿಗಿಂತ ಗೇಣೆತ್ತರದ ಡಿಫೆನ್ಸ್‌ಮನ್‌ಗಳೂ ತಿಣುಕುತ್ತಾರೆ. 2015ರಲ್ಲಿ ಮಿನೆಸೋಟಾ ಅವನನ್ನು ಐದನೇ ಸುತ್ತಿನಲ್ಲಿ, 135ನೆಯವನಾಗಿ ತೆಗೆದುಕೊಂಡಿತು. 2021ರಲ್ಲಿ ಅವನು ವರ್ಷದ ಹೊಸ ಆಟಗಾರನಿಗೆ ಕೊಡುವ ಕಾಲ್ಡರ್ ಟ್ರೋಫಿ ಗೆದ್ದ. ನಮ್ಮ 72 ಕಿಲೋ ಹುಡುಗನ ವಿಷಯದಲ್ಲಿ ಕೇಳಬೇಕಾದ್ದು ಇದು: ಈ ಚೌಕಟ್ಟಿನ ಮೇಲೆ ವೇಗ ಕೆಡದಂತೆ ಇನ್ನು ಎಂಟು ಕಿಲೋ ಸ್ನಾಯು ಕೂರುತ್ತದೆಯೇ? ಕ್ಯಾಂಪಿನ ಫಿಟ್‌ನೆಸ್ ಕೋಚ್ ಜೊತೆ ಕೂತು ಉತ್ತರ ಬರೆಸಿಕೊಳ್ಳಿ.

ಐಸ್ ಮೇಲೆ ಮೊದಲು ಸ್ಕೇಟಿಂಗ್. ನೇರ ಓಟದ ವೇಗಕ್ಕೆ ಅತಿಯಾದ ಬೆಲೆ ಕೊಡುವುದು ಹಳೆಯ ಚಾಳಿ. ಒಂದು ಬ್ಲೂ ಲೈನಿಂದ (ದಾಳಿಯ ವಲಯ ಗುರುತಿಸುವ ನೀಲಿ ಗೆರೆ) ಇನ್ನೊಂದಕ್ಕೆ ಎನ್‌ಎಚ್‌ಎಲ್ ರಿಂಕ್‌ನಲ್ಲಿ 50 ಅಡಿ, ಅಂದರೆ ಸುಮಾರು 15 ಮೀಟರ್. ಆ ದೂರವನ್ನು ಪಕ್ ಇಲ್ಲದೆ ಮೂರು ಸಲ, ಪಕ್ ಜೊತೆ ಮೂರು ಸಲ ಓಡಿಸಿ ಸಮಯ ಹಿಡಿಯಿರಿ. ನೋಡಬೇಕಾದ್ದು ಎರಡರ ನಡುವಿನ ಅಂತರ. ಪಕ್ ಸಿಕ್ಕಿದ ಕೂಡಲೇ ನಿಧಾನವಾಗುವ ಸಣ್ಣ ಆಟಗಾರ ಆ ಹೊತ್ತಲ್ಲೇ ಸಿಕ್ಕಿಬೀಳುತ್ತಾನೆ. ಆಮೇಲೆ ತಿರುವುಗಳು: ಎಡಕ್ಕೂ ಬಲಕ್ಕೂ ಬಿಗಿಯಾಗಿ ತಿರುಗಿ, ತಿರುವಿನಿಂದ ಹೊರಬರುವ ಮೂರು ಹೆಜ್ಜೆ ಗಮನಿಸಿ. ಒಂದು ಬದಿಗೆ ಚುರುಕಾಗಿದ್ದು ಇನ್ನೊಂದು ಬದಿಗೆ ಅಗಲವಾಗಿ ತಿರುಗುವವನನ್ನು ಎದುರಾಳಿಗಳು ಎರಡೇ ಪಂದ್ಯದಲ್ಲಿ ಓದಿಬಿಡುತ್ತಾರೆ.

ರಿಂಕ್ ಚಿಕ್ಕದಾದಾಗ

ಎನ್‌ಎಚ್‌ಎಲ್ ರಿಂಕ್ ಸುಮಾರು 61 ಮೀಟರ್ ಉದ್ದ, 26 ಮೀಟರ್ ಅಗಲ. ಹಳೆಯ ಅಂತರರಾಷ್ಟ್ರೀಯ ಅಳತೆ 60ಕ್ಕೆ 30. ರಷ್ಯಾದಲ್ಲಿ ಈಗ 26, 28, 30 ಮೂರೂ ಅಗಲದ ರಿಂಕ್‌ಗಳಿವೆ. ಹಾಗಾಗಿ ಅವನು ಬೆಳೆದದ್ದು ಯಾವುದರ ಮೇಲೆ ಎಂದು ಮೊದಲು ಕೇಳಿ. 30 ಮೀಟರ್ ಅಗಲದಲ್ಲಿ ಬೆಳೆದವನಿಗೆ ಇಲ್ಲಿ ಎರಡೂ ಬದಿ ಎರಡೆರಡು ಮೀಟರ್ ಕಡಿಮೆ. ಅಲ್ಲಿ ಬೋರ್ಡ್ ಪಕ್ಕ ಪಕ್ ಹಿಡಿದು ಯೋಚಿಸಲು ಸಿಗುತ್ತಿದ್ದ ಕ್ಷಣ ಇಲ್ಲಿ ಸಿಗುವುದಿಲ್ಲ. ಮೊದಲ ಎರಡು ದಿನ ಅವನು ಪಕ್ ಕಳೆದುಕೊಳ್ಳುವುದು ಸಹಜ. ಗಾತ್ರದ ದೋಷವನ್ನೂ ರಿಂಕಿನ ಹೊಂದಾಣಿಕೆಯನ್ನೂ ಬೇರ್ಪಡಿಸಲು ದಾರಿ ಇದೆ: ಪಕ್ ಕಳೆದುಕೊಂಡ ಜಾಗಗಳನ್ನು ದಿನದಿನಕ್ಕೆ ರಿಂಕ್ ನಕ್ಷೆಯಲ್ಲಿ ಚುಕ್ಕೆ ಇಡುತ್ತಾ ಹೋಗಿ. ನಾಲ್ಕನೇ ದಿನಕ್ಕೆ ಚುಕ್ಕೆಗಳು ಕಡಿಮೆಯಾದರೆ ಅದು ಹೊಂದಾಣಿಕೆ. ಅದೇ ಜಾಗದಲ್ಲಿ, ಅದೇ ಬಗೆಯ ಒತ್ತಡಕ್ಕೆ, ಅಷ್ಟೇ ಸಂಖ್ಯೆಯಲ್ಲಿ ಮುಂದುವರಿದರೆ ಮಾತ್ರ ಗಾತ್ರದ ಮಾತೆತ್ತಿ.

ಎಲ್ಲಕ್ಕಿಂತ ಹೆಚ್ಚು ಹೇಳುವ ಪರೀಕ್ಷೆ ಮೂಲೆಯದ್ದು. ಅವನಿಗಿಂತ ಕನಿಷ್ಠ 10 ಕಿಲೋ ಹೆಚ್ಚು ತೂಗುವ, 185 ಸೆಂ.ಮೀ. ಮೀರಿದ ಡಿಫೆನ್ಸ್‌ಮನ್ ಒಬ್ಬನನ್ನು ಆರಿಸಿ. ಕೋಚ್ ಪಕ್ಕನ್ನು ಮೂಲೆಗೆ ತಳ್ಳುತ್ತಾನೆ, ಇಬ್ಬರೂ ಬೆನ್ನಟ್ಟುತ್ತಾರೆ. ಹತ್ತು ಸಲ, ತಲಾ 8ರಿಂದ 10 ಸೆಕೆಂಡು, ನಡುವೆ ಮುಕ್ಕಾಲು ನಿಮಿಷ ವಿರಾಮ. ಐದು ಸಲ ಅವನು ಒಂದು ಹೆಜ್ಜೆ ಮುಂದೆ, ಐದು ಸಲ ಹಿಂದೆ. ಈಗ ಪಕ್ ಬಿಟ್ಟು ಅವನ ಹೆಲ್ಮೆಟ್ ನೋಡಿ. ಪಕ್ ಮುಟ್ಟುವ ಮುನ್ನ ಭುಜದ ಮೇಲಿಂದ ಎಷ್ಟು ಸಲ ಹಿಂದೆ ನೋಡಿದ? ಎರಡು ಸಲ ನೋಡುವವನಿಗೆ ಗುದ್ದು ಯಾವ ಕಡೆಯಿಂದ ಬರುತ್ತದೆ ಎಂದು ಗೊತ್ತಿರುತ್ತದೆ. ನೇರವಾಗಿ ಬೋರ್ಡಿಗೆ ನುಗ್ಗುತ್ತಾನೋ, ಓರೆಯಾಗಿ ಬಂದು ತಪ್ಪಿಸಿಕೊಳ್ಳುವ ದಾರಿ ಇಟ್ಟುಕೊಳ್ಳುತ್ತಾನೋ? ದೊಡ್ಡವನು ಮೈಗೆ ಬೀಳುವ ಅರೆಕ್ಷಣ ಮೊದಲು ತಾನೇ ಸೊಂಟ ಬಾಗಿಸಿ ಹಿಂಭಾಗವನ್ನು ಎದುರಾಳಿಯ ತೊಡೆಗೆ ಒತ್ತಿದನೋ? ಹೀಗೆ ಮೊದಲು ತಾಗಿಸಿದವನು ಗುದ್ದಿನ ಬಲವನ್ನೇ ಬಳಸಿ ಪುಟಿದು ಹೊರಬರುತ್ತಾನೆ. ಕಾದು ನಿಂತವನು ಗಾಜಿಗೆ ಒತ್ತಿಕೊಳ್ಳುತ್ತಾನೆ. ಹತ್ತರಲ್ಲಿ ನಾಲ್ಕು ಪಕ್ ಉಳಿಸಿಕೊಂಡರೂ ಸಣ್ಣವನಿಗೆ ಅದು ಒಳ್ಳೆಯ ಲೆಕ್ಕ, ಆ ನಾಲ್ಕು ಹೀಗೆ ಬುದ್ಧಿಯಿಂದ ಬಂದಿದ್ದರೆ. ಈ ಪರೀಕ್ಷೆಯನ್ನು ದಿನದ ಕೊನೆಗೆ ಇಡಬೇಡಿ. ಸೋತ ಕಾಲುಗಳಲ್ಲಿ ಎಲ್ಲರೂ ಸಣ್ಣವರೇ.

ಮೂವರೆದುರು ಮೂವರ ಚಿಕ್ಕ ಅಂಗಳದ ಆಟ ಕ್ಯಾಂಪ್‌ಗಳಲ್ಲಿ ಬಹಳ ಜನಪ್ರಿಯ, ಬಹಳ ಮೋಸದ್ದೂ ಹೌದು. ಅಲ್ಲಿ ಭಾರಿ ಗುದ್ದುಗಳಿರುವುದಿಲ್ಲ, ಕೈಚಳಕದವನು ಮಿಂಚುತ್ತಾನೆ. ಗೋಲುಗಳನ್ನು ಎಣಿಸದೆ ಅವನು ಪಕ್ ಪಡೆದದ್ದು ಎಲ್ಲಿ ಎಂದು ಗುರುತಿಸಿ: ಗೋಲಿನ ಮುಂದಿನ ಸ್ಲಾಟ್‌ನಲ್ಲೋ, ಅಂಚಿನಲ್ಲೋ? ಅಂಚಿನಲ್ಲಿ ಸುತ್ತಿ ಸುತ್ತಿ ಪಾಸ್ ಕೊಡುವವನು ಐವರೆದುರು ಐವರ ಆಟದಲ್ಲಿ ಅಂಚಿನಲ್ಲೇ ಉಳಿಯುತ್ತಾನೆ.

ಕ್ಯಾಂಪಿನ ಪಂದ್ಯದಲ್ಲಿ

ಅವನನ್ನು ಯಾರ ಜೊತೆ ಆಡಿಸುತ್ತೀರಿ ಎಂಬುದೇ ಅರ್ಧ ಫಲಿತಾಂಶ. ಪಾಸ್ ಬಲ್ಲ ಒಬ್ಬ ಸೆಂಟರ್ ಇರಲೇಬೇಕು. ಯಾವ ಬದಿಯ ವಿಂಗ್ ಆಡುತ್ತಿದ್ದ ಎಂದು ಕೇಳಿ ಅದೇ ಬದಿ ಕೊಡಿ. ಅನೇಕ ರಷ್ಯನ್ನರು ತಮ್ಮ ಶಾಟಿನ ಕೈಗೆ ಎದುರು ಬದಿಯಲ್ಲಿ ಆಡುತ್ತಾರೆ: ಎನ್‌ಎಚ್‌ಎಲ್ ತಾರೆ ಪನಾರಿನ್ ಬಲಗೈ ಶಾಟ್, ಆಡುವುದು ಎಡ ವಿಂಗ್. ಕುಚೆರೊವ್ ಎಡಗೈ ಶಾಟ್, ಆಡುವುದು ಬಲ ವಿಂಗ್. ಎದುರು ಬದಿಯಲ್ಲಿ ಆಡುವವನಿಗೆ ಬೋರ್ಡ್ ಸುತ್ತಿ ಬರುವ ಪಕ್ಕನ್ನು ಬ್ಯಾಕ್‌ಹ್ಯಾಂಡ್‌ನಲ್ಲಿ ಹಿಡಿಯಬೇಕಾಗುತ್ತದೆ, ತಮ್ಮ ವಲಯದಿಂದ ಹೊರಬರುವಾಗ ಅದೇ ಕಷ್ಟದ ಜಾಗ. ಅಲ್ಲಿ ಅವನು ಏನು ಮಾಡುತ್ತಾನೆ ಎಂದು ಪ್ರತ್ಯೇಕವಾಗಿ ಬರೆದುಕೊಳ್ಳಿ.

ಪ್ರತಿ ಶಿಫ್ಟಿಗೆ (ಬೆಂಚಿನಿಂದ ಇಳಿದು ಮರಳುವವರೆಗಿನ ಒಂದು ಸರದಿಗೆ) ನಾಲ್ಕು ಗುರುತು ಸಾಕು. ಎದುರಾಳಿಯ ಬ್ಲೂ ಲೈನನ್ನು ಪಕ್ ಹಿಡಿದೇ ದಾಟಿದನೋ, ಒಳಗೆ ಎಸೆದನೋ, ಕಳೆದುಕೊಂಡನೋ. ಸ್ಲಾಟ್‌ನಲ್ಲಿ ಪಕ್ ಮುಟ್ಟಿದ್ದೆಷ್ಟು, ಅಲ್ಲಿಗೆ ಪಾಸ್ ಕೊಟ್ಟದ್ದೆಷ್ಟು. ಒಬ್ಬರಿಗೊಬ್ಬರ ಹೋರಾಟದಲ್ಲಿ ಗೆದ್ದದ್ದು, ಸೋತದ್ದು. ಪಕ್ ಕಳೆದುಕೊಂಡ ಮೇಲಿನ ಮೂರು ಹೆಜ್ಜೆ. ಕೊನೆಯದಕ್ಕೆ ನನ್ನ ದೃಷ್ಟಿಯಲ್ಲಿ ಹೆಚ್ಚು ತೂಕ. ಕೈಯೆಸೆದು ನಿಲ್ಲುತ್ತಾನೋ, ತಕ್ಷಣ ಸ್ಟಿಕ್ ಚಾಚಿ ಬೆನ್ನಟ್ಟುತ್ತಾನೋ? ಪಾವೆಲ್ ಡಾಟ್ಸ್ಯುಕ್ ದೈತ್ಯನೇನಲ್ಲ, 1998ರಲ್ಲಿ 171ನೆಯವನಾಗಿ ಆಯ್ಕೆಯಾದವನು. ಹಿಂದಿನಿಂದ ಬಂದು ಎದುರಾಳಿಯ ಸ್ಟಿಕ್ ಎತ್ತಿ ಪಕ್ ಕದಿಯುವುದರಲ್ಲಿ ಅವನಿಗೆ ಸಾಟಿ ಇರಲಿಲ್ಲ. ರಕ್ಷಣೆಯಲ್ಲಿ ಶ್ರೇಷ್ಠನಾದ ಫಾರ್ವರ್ಡ್‌ಗೆ ಕೊಡುವ ಸೆಲ್ಕಿ ಟ್ರೋಫಿಯನ್ನು 2008ರಿಂದ ಸತತ ಮೂರು ವರ್ಷ ಗೆದ್ದ. ಅದಕ್ಕೆ ಬೇಕಾದ್ದು ಸ್ಟಿಕ್ ಇಡುವ ಜಾಗದ ಅರಿವು, ಬೆನ್ನಟ್ಟುವ ಕೋನ.

ಐವರೆದುರು ಐವರ ಕನಿಷ್ಠ 30 ಶಿಫ್ಟ್ ನೋಡದೆ ತೀರ್ಪು ಬರೆಯಬೇಡಿ, ಅಂದರೆ ಕಡಿಮೆಯೆಂದರೂ ಎರಡು ಪಂದ್ಯ. ಒಂದೇ ಪಂದ್ಯದಲ್ಲಿ ಒಂದು ಸೊಗಸಾದ ಗೋಲು ಹೊಡೆದರೆ ಉಳಿದ ಹದಿನಾಲ್ಕು ಶಿಫ್ಟ್ ಯಾರಿಗೂ ನೆನಪಿರುವುದಿಲ್ಲ. ಶಿಫ್ಟಿನ ಉದ್ದವನ್ನೂ ಗಮನಿಸಿ. ಇಲ್ಲಿ 45 ಸೆಕೆಂಡಿಗೆ ಬೆಂಚಿಗೆ ಮರಳಬೇಕು. ಒಂದು ನಿಮಿಷ ದಾಟಿಸುವವನಿಗೆ ಮೊದಲ ದಿನವೇ ಹೇಳಿ, ಮೂರನೇ ದಿನ ತಿದ್ದಿಕೊಂಡನೇ ನೋಡಿ.

ಭಾಷೆ

ಇಂಗ್ಲಿಷ್ ಬಾರದ ಹುಡುಗ ಡ್ರಿಲ್ ತಪ್ಪು ಮಾಡಿದರೆ ಆಟದ ಬುದ್ಧಿ ಕಡಿಮೆ ಎಂದು ಬರೆಯುವುದು ಅನ್ಯಾಯ, ತಂಡಕ್ಕೂ ನಷ್ಟ. ಸಾಲಿನಲ್ಲಿ ಅವನನ್ನು ಮೊದಲು ನಿಲ್ಲಿಸಬೇಡಿ, ಮೂರನೆಯವನಾಗಿ ನಿಲ್ಲಿಸಿ. ಬೋರ್ಡಿನ ಮೇಲೆ ಬರೆದ ನಕ್ಷೆಯನ್ನು ಹಿಂದಿನ ಸಂಜೆಯೇ ಫೋನಿಗೆ ಕಳಿಸಿ. ಸಂದರ್ಶನಕ್ಕೆ ದುಭಾಷಿ ಬೇಕು, ಆದರೆ ಅವನ ಏಜೆಂಟ್ ಆ ಕೆಲಸ ಮಾಡಬಾರದು. ಉತ್ತರಗಳು ಏಜೆಂಟಿನವಾಗಿಬಿಡುತ್ತವೆ. ಲ್ಯಾಪ್‌ಟಾಪಿನಲ್ಲಿ ಅವನದೇ ಐದಾರು ಶಿಫ್ಟ್ ಹಾಕಿ, ಪಕ್ ಬರುವ ಕ್ಷಣಕ್ಕೆ ನಿಲ್ಲಿಸಿ, "ಇಲ್ಲಿ ನಿನಗೆ ಏನು ಕಾಣಿಸಿತು?" ಎಂದು ಕೇಳಿ. ಪರದೆಯಲ್ಲಿ ಕಾಣದ ಸಹ ಆಟಗಾರ ಎಲ್ಲಿದ್ದ ಎಂದು ಬೆರಳಿಟ್ಟು ತೋರಿಸುವವನು ಆಟವನ್ನು ಓದಬಲ್ಲವನು. ರಷ್ಯನ್ನರು ಮುಗುಮ್ಮಾಗಿರುತ್ತಾರೆ, ಮನೆ ನೆನಪಾದರೆ ಓಡಿಹೋಗುತ್ತಾರೆ ಎಂಬ ಪೂರ್ವಗ್ರಹವನ್ನು ವರದಿಗೆ ತರಬೇಡಿ. ಊರಿಗೆ ಮರಳುವ ಒಪ್ಪಂದ ಕೈಯಲ್ಲಿದೆಯೇ, ಎನ್‌ಎಚ್‌ಎಲ್‌ನ ಕೆಳಗಿನ ಮೆಟ್ಟಿಲಾದ ಅಮೆರಿಕನ್ ಹಾಕಿ ಲೀಗ್‌ನಲ್ಲಿ ಒಂದೆರಡು ವರ್ಷ ಬಸ್ಸಲ್ಲಿ ಓಡಾಡಿ ಆಡಲು ಒಪ್ಪುತ್ತಾನೆಯೇ ಎಂದು ನೇರವಾಗಿ ಕೇಳಿ.

ವರದಿ

ಡ್ರಾಫ್ಟ್ ಆಗದ್ದನ್ನೋ ತಡವಾಗಿ ಆದದ್ದನ್ನೋ ತೀರ್ಪು ಎಂದು ತಿಳಿಯಬೇಡಿ. ನಿಕಿತಾ ಕುಚೆರೊವ್ 2011ರ 18ರೊಳಗಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 7 ಪಂದ್ಯಕ್ಕೆ 21 ಪಾಯಿಂಟ್ ಗಳಿಸಿಯೂ ಆ ವರ್ಷ 58ನೇ ಸ್ಥಾನಕ್ಕಿಳಿದ. ಆರ್ಟೆಮಿ ಪನಾರಿನ್‌ನನ್ನು ಯಾವ ತಂಡವೂ ಆರಿಸಲೇ ಇಲ್ಲ. 2014–15ರಲ್ಲಿ ಎಸ್‌ಕೆಎ ಪರ 54 ಪಂದ್ಯದಲ್ಲಿ 62 ಪಾಯಿಂಟ್ ಗಳಿಸಿದ ಮೇಲೆ ಶಿಕಾಗೋ ಸಹಿ ಹಾಕಿಸಿಕೊಂಡಿತು, ಮರು ವರ್ಷ 77 ಪಾಯಿಂಟ್ ಜೊತೆಗೆ ಕಾಲ್ಡರ್ ಗೆದ್ದ. ಅವರಿಬ್ಬರ ಹೆಸರು ಹೇಳಿ ಪ್ರತಿ ಸಣ್ಣ ರಷ್ಯನ್ನನನ್ನೂ ಸಮರ್ಥಿಸುವುದೂ ತಪ್ಪೇ. ನಿಮ್ಮ ಹುಡುಗ ತನ್ನ ಗುರುತುಗಳ ಮೇಲೆ ನಿಲ್ಲಬೇಕು.

ಮೂಲೆಯಲ್ಲಿ ಪಕ್ ಉಳಿಸಿಕೊಂಡು, ಸ್ಲಾಟ್‌ಗೆ ಹೋಗಿ, ಪಕ್ ಕಳೆದಾಗ ಬೆನ್ನಟ್ಟಿದವನಿಗೆ ಸೆಪ್ಟೆಂಬರ್‌ನ ರೂಕಿ ಕ್ಯಾಂಪಿಗೆ ಕರೆ ಕೊಡಿ, ಒಪ್ಪಂದದ ಮಾತು ಶುರು ಮಾಡಿ. ಮೊದಲೆರಡು ಇದ್ದು ಮೈಬಲ ಮಾತ್ರ ಸಾಲದವನಿಗೆ ತೂಕದ ಗುರಿ ಬರೆದುಕೊಟ್ಟು ಊರಿಗೆ ಕಳಿಸಿ, ನವೆಂಬರ್‌ನಲ್ಲಿ ಅವನ ವಿಎಚ್‌ಎಲ್ ಅಥವಾ ಎಂಎಚ್‌ಎಲ್ ಪಂದ್ಯಗಳ ವಿಡಿಯೋ ತರಿಸಿ ಇದೇ ನಾಲ್ಕು ಗುರುತು ಮತ್ತೆ ಹಾಕಿ. ನಾಲ್ಕೂ ದಿನ ಅಂಚಿನಲ್ಲೇ ಉಳಿದವನಿಗೆ ಕಾರಣ ಸಹಿತ ಬೇಡ ಎನ್ನಿ. ಕಾರಣದ ಜಾಗದಲ್ಲಿ ಸೆಂಟಿಮೀಟರ್ ಬರೆಯಬೇಡಿ, ಎಷ್ಟು ಸಲ ಸ್ಲಾಟ್ ಹೊಕ್ಕ ಎಂಬ ಸಂಖ್ಯೆ ಬರೆಯಿರಿ.