ಕಾರ್ಪೊರೇಟ್ ಫೈನಾನ್ಸ್ ಕಲಿಯಬೇಕಾ? ಒಂದು ಹಾಳೆತಟ್ಟೆ ಯೂನಿಟ್‌ನ ಲೆಕ್ಕದಿಂದ ಶುರು ಮಾಡಿ

ಕಾರ್ಪೊರೇಟ್ ಫೈನಾನ್ಸ್ ಅಂದರೆ ಷೇರು ಮಾರ್ಕೆಟ್ ಅಲ್ಲ. ಯಾವ ಷೇರು ಏರುತ್ತದೆ ಅನ್ನುವುದು ಹೂಡಿಕೆದಾರರ ತಲೆನೋವು. ಇಲ್ಲಿ ನೀವು ಕಂಪನಿಯ ಒಳಗೆ ಕೂತು ಯೋಚಿಸಬೇಕು. ಇರುವುದು ಮೂರೇ ಪ್ರಶ್ನೆ: ದುಡ್ಡನ್ನು ಯಾವುದಕ್ಕೆ ಹಾಕಬೇಕು, ಆ ದುಡ್ಡನ್ನು ಎಲ್ಲಿಂದ ತರಬೇಕು, ಮಿಕ್ಕಿದ್ದರಲ್ಲಿ ಮಾಲೀಕರಿಗೆ ಎಷ್ಟು ಕೊಡಬೇಕು. ಇನ್ಫೋಸಿಸ್‌ಗೂ ಇವೇ ಪ್ರಶ್ನೆ, ಶಿರಸಿ ಕಡೆ ಅಡಿಕೆ ಹಾಳೆಯಲ್ಲಿ ತಟ್ಟೆ ಒತ್ತುವ ಸಣ್ಣ ಯೂನಿಟ್‌ಗೂ ಇವೇ ಪ್ರಶ್ನೆ.

ಕಲಿಯಲು ಹೊರಟವರು ಜಾಸ್ತಿ ಮಂದಿ ಫಾರ್ಮುಲಾ ಪಟ್ಟಿ ಹಿಡಿದು ಕೂರುತ್ತಾರೆ, ಎರಡು ವಾರಕ್ಕೆ ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ನಿಮಗೆ ಗೊತ್ತಿರುವ ಒಂದು ಸಣ್ಣ ವ್ಯವಹಾರ ತಗೊಳ್ಳಿ, ಪೆನ್ನು ಕಾಗದ ಹಿಡಿದು ಅದರ ಲೆಕ್ಕವನ್ನು ಕೈಯಲ್ಲೇ ಮಾಡಿ, ಹೊಸ ಪದ ಬಂದಾಗಲೆಲ್ಲ ಅದನ್ನು ಆ ವ್ಯವಹಾರಕ್ಕೇ ಹಚ್ಚಿ ನೋಡಿ. ಬೇಕರಿ ಆಗಬಹುದು, ಗಾರ್ಮೆಂಟ್ಸ್ ಆಗಬಹುದು. ನಾನು ಇಲ್ಲಿ ಹಾಳೆತಟ್ಟೆ ಯೂನಿಟ್ ಇಟ್ಟುಕೊಳ್ಳುತ್ತೇನೆ. ಅಂಕಿಗಳು ಕಲಿಯಲೆಂದು ಹಾಕಿಕೊಂಡವು.

ಮೊದಲು ಅಕೌಂಟ್ಸ್. ಇದನ್ನು ಬಿಟ್ಟು ಮುಂದೆ ಹೋಗಲು ಆಗುವುದೇ ಇಲ್ಲ. ಹಾಗಂತ ಸಿಎ ಮಾಡಬೇಕಿಲ್ಲ. ಬ್ಯಾಲೆನ್ಸ್ ಶೀಟ್, ಲಾಭ-ನಷ್ಟದ ಪಟ್ಟಿ, ಕ್ಯಾಶ್ ಫ್ಲೋ ಪಟ್ಟಿ ಈ ಮೂರನ್ನು ಓದಲು ಬಂದರೆ ಸಾಕು. ಬ್ಯಾಲೆನ್ಸ್ ಶೀಟ್ ಅಂದರೆ ಒಂದು ದಿನದ ಮಟ್ಟಿಗೆ ಏನೇನು ಇದೆ, ಯಾರಿಗೆಷ್ಟು ಕೊಡಬೇಕು ಅನ್ನುವ ಲೆಕ್ಕ. ಉಳಿದ ಎರಡು ಇಡೀ ವರ್ಷದ ಕಥೆ: ಒಂದು ಲಾಭದ್ದು, ಇನ್ನೊಂದು ಕೈಗೆ ಬಂದು ಹೋದ ನಗದಿನದ್ದು. ಲಾಭ, ನಗದು ಎರಡೂ ಒಂದೇ ಅಲ್ಲ ಅನ್ನುವುದು ತಲೆಗೆ ಹತ್ತಿದರೆ ಅರ್ಧ ದಾರಿ ಬಂದ ಹಾಗೆ.

ಹೇಗೆ ಅಂತ ನೋಡಿ. ನಮ್ಮ ಯೂನಿಟ್ ತಿಂಗಳಿಗೆ 2 ಲಕ್ಷದ ತಟ್ಟೆ ಮಾರುತ್ತದೆ. ಹಾಳೆ, ಕೂಲಿ, ಕರೆಂಟು, ಲಾರಿ ಬಾಡಿಗೆ ಎಲ್ಲ ಸೇರಿ 1.6 ಲಕ್ಷ ಖರ್ಚು. ಮೊದಲ ತಿಂಗಳಿಂದಲೇ 40 ಸಾವಿರ ಲಾಭ ಅಂತ ಲಾಭ-ನಷ್ಟದ ಪಟ್ಟಿ ಹೇಳುತ್ತದೆ. ಆದರೆ ಬೆಂಗಳೂರಿನ ಕೇಟರಿಂಗ್‌ನವರು ತಗೊಳ್ಳುವುದು ಉದ್ರಿ, ದುಡ್ಡು ಬರುವುದು ಎರಡು ತಿಂಗಳ ಮೇಲೆ. ಕೂಲಿಯವರಿಗೆ ಎರಡು ತಿಂಗಳು ಕಾಯಿರಿ ಅನ್ನಲು ಆಗುತ್ತದಾ? ಅಲ್ಲಿಗೆ ಮೊದಲ ಎರಡು ತಿಂಗಳಲ್ಲಿ 3.2 ಲಕ್ಷ ಹೊರಗೆ ಹೋಯಿತು, ಒಳಗೆ ಬಂದಿದ್ದು ಸೊನ್ನೆ. ಮೂರನೇ ತಿಂಗಳಿಂದ ತಿಂಗಳಿಗೆ 40 ಸಾವಿರದಂತೆ ಮಿಕ್ಕಿದರೂ ಆ ಗುಂಡಿ ತುಂಬಲು ಹತ್ತನೇ ತಿಂಗಳು ಮುಗಿಯಬೇಕು. ಇಷ್ಟೂ ದಿನ ಪುಸ್ತಕದಲ್ಲಿ ಲಾಭವೇ ಲಾಭ!

ಇದರ ಮೇಲೆ ಇನ್ನೊಂದಿದೆ. ಒಳ್ಳೆಯ ಹಾಳೆ ಸಿಗುವುದು ಬಿಸಿಲು ಇರುವ ತಿಂಗಳುಗಳಲ್ಲಿ. ಮಳೆಗಾಲದಲ್ಲಿ ಬಿದ್ದದ್ದು ನೆನೆದು ಬೂಷ್ಟು ಹಿಡಿಯುತ್ತದೆ. ಹಾಗಾಗಿ ಮಳೆಗಾಲಕ್ಕೆ ಬೇಕಾದ ಹಾಳೆಯನ್ನೂ ಬೇಸಿಗೆಯಲ್ಲೇ ಕೊಂಡು, ಒಣಗಿಸಿ ಗೋಡೌನಿನಲ್ಲಿ ಇಡಬೇಕು. ಆ ದಾಸ್ತಾನಿನಲ್ಲಿ ಸಿಕ್ಕಿಕೊಂಡ ದುಡ್ಡು ಮತ್ತು ಉದ್ರಿಯಲ್ಲಿ ಸಿಕ್ಕಿಕೊಂಡ ದುಡ್ಡು ಕೂಡಿ, ಅದರಲ್ಲಿ ನೀವು ಇತರರಿಗೆ ಬಾಕಿ ಇಟ್ಟಿರುವುದನ್ನು ಕಳೆಯಿರಿ. ಅದೇ ವರ್ಕಿಂಗ್ ಕ್ಯಾಪಿಟಲ್. ಬ್ಯಾಂಕಿನ ಸಿಸಿ ಖಾತೆ (ಕ್ಯಾಶ್ ಕ್ರೆಡಿಟ್, ಬೇಕಾದಾಗ ತೆಗೆದು ದುಡ್ಡು ಬಂದಾಗ ಕಟ್ಟುವ ಸಾಲ) ಇರುವುದೇ ಇದಕ್ಕೆ. ಸಣ್ಣ ತಯಾರಕರಿಗೆ ದುಡ್ಡು ಕೊಡಲು ಖರೀದಿದಾರರು ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವ ಹಾಗಿಲ್ಲ, ಇಲ್ಲದಿದ್ದರೆ 15 ದಿನದಲ್ಲೇ ಕೊಡಬೇಕು ಅಂತ 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಹೇಳುತ್ತದೆ. 2024-25ರ ಅಸೆಸ್‌ಮೆಂಟ್ ವರ್ಷದಿಂದ (ಅಂದರೆ 2023-24ರ ಲೆಕ್ಕದಿಂದ) ಆದಾಯ ತೆರಿಗೆ ಕಾನೂನೂ ಇದಕ್ಕೆ ಜೊತೆಯಾಯಿತು: ಗಡುವು ಮೀರಿಸಿದವರು ಆ ಖರ್ಚನ್ನು ದುಡ್ಡು ಕೊಟ್ಟ ವರ್ಷದಲ್ಲಷ್ಟೇ ತೆರಿಗೆ ಲೆಕ್ಕಕ್ಕೆ ತೋರಿಸಬಹುದು. ಪಾಠದಲ್ಲಿ ಒಣ ಪದವಾಗಿ ಬರುವ ವರ್ಕಿಂಗ್ ಕ್ಯಾಪಿಟಲ್ ಹಿಂದೆ ಇಷ್ಟೆಲ್ಲ ಜನರ ಬದುಕಿದೆ. ಇಲ್ಲಿ ಅವಸರ ಮಾಡಬೇಡಿ.

ಆಮೇಲೆ ಸಮಯದ ಲೆಕ್ಕ. ಇವತ್ತಿನ ನೂರು ರೂಪಾಯಿ, ಮುಂದಿನ ವರ್ಷದ ನೂರು ರೂಪಾಯಿ ಒಂದೇ ಅಲ್ಲ, ಚೀಟಿ ಹಾಕಿದವರಿಗೆಲ್ಲ ಇದು ಗೊತ್ತು. ಯೂನಿಟ್‌ಗೆ 10 ಲಕ್ಷದ ಹೊಸ ಮೆಷಿನ್ ತರಬೇಕಾ ಅಂತ ಪ್ರಶ್ನೆ ಬಂತು ಅಂತಿಟ್ಟುಕೊಳ್ಳಿ. ಅದರಿಂದ ವರ್ಷಕ್ಕೆ 3 ಲಕ್ಷ ಹೆಚ್ಚು ನಗದು ಬರುತ್ತದೆ, ಐದು ವರ್ಷ ಬಾಳಿಕೆ. ಒಟ್ಟು 15 ಲಕ್ಷ, ಅಂದರೆ 5 ಲಕ್ಷ ಲಾಭ ಅಂತ ಸುಮ್ನೆ ಕೂಡಿಬಿಟ್ಟರೆ ಆಗಲಿಲ್ಲ. ದುಡ್ಡಿನ ವೆಚ್ಚ ಶೇ. 12 ಅಂತ ಹಿಡಿಯಿರಿ. ಮೊದಲ ವರ್ಷದ 3 ಲಕ್ಷವನ್ನು 1.12ರಿಂದ ಒಮ್ಮೆ ಭಾಗಿಸಿ, ಎರಡನೆಯದನ್ನು ಎರಡು ಸಲ, ಹೀಗೆ ಐದನೆಯದನ್ನು ಐದು ಸಲ. ಮೊದಲ ವರ್ಷದ್ದು ಇವತ್ತಿನ 2.68 ಲಕ್ಷಕ್ಕೆ ಸಮ, ಐದನೆಯದು ಬರೀ 1.70 ಲಕ್ಷಕ್ಕೆ. ಎಲ್ಲ ಕೂಡಿದರೆ ಸುಮಾರು 10.8 ಲಕ್ಷ. 10 ಲಕ್ಷ ಕಳೆದರೆ 80 ಸಾವಿರ ಚಿಲ್ಲರೆ ಉಳಿಯಿತು. ಇದಕ್ಕೇ ಎನ್‌ಪಿವಿ (ನೆಟ್ ಪ್ರೆಸೆಂಟ್ ವ್ಯಾಲ್ಯೂ) ಅನ್ನುವುದು. ಅದೇ ಲೆಕ್ಕವನ್ನು ಶೇ. 16ರಲ್ಲಿ ಮಾಡಿ ನೋಡಿ, 9.82 ಲಕ್ಷ ಬರುತ್ತದೆ, ಮೆಷಿನ್ ತರುವುದೇ ಬೇಡ ಅನ್ನುತ್ತದೆ. ಮೆಷಿನ್ ಅದೇ, ತಟ್ಟೆ ಅದೇ, ದುಡ್ಡಿನ ಬೆಲೆ ಬದಲಾಗಿದ್ದಕ್ಕೆ ತೀರ್ಮಾನವೇ ಉಲ್ಟಾ ಆಯಿತು.

ಕೈಯಲ್ಲಿ ಒಮ್ಮೆ ಮಾಡಿದ ಮೇಲೆ ಎಕ್ಸೆಲ್‌ಗೆ ಹೋಗಿ. ಅಲ್ಲಿ ಒಂದು ಎಚ್ಚರ: ಎಕ್ಸೆಲ್‌ನ ಎನ್‌ಪಿವಿ ಫಂಕ್ಷನ್ ಮೊದಲ ಮೊತ್ತವನ್ನು ಒಂದು ವರ್ಷದ ಕೊನೆಗೆ ಬಂದದ್ದು ಅಂತ ಭಾವಿಸುತ್ತದೆ. ಹಾಗಾಗಿ ಇವತ್ತು ಹಾಕುವ 10 ಲಕ್ಷವನ್ನು ಫಂಕ್ಷನ್ ಒಳಗೆ ಸೇರಿಸದೆ ಹೊರಗಡೆ ಕಳೆಯಬೇಕು.

ಸರಿ, ಆ ಶೇ. 12 ಎಲ್ಲಿಂದ ಬಂತು? ಇದು ದುಡ್ಡನ್ನು ಎಲ್ಲಿಂದ ತರಬೇಕು ಅನ್ನುವ ಎರಡನೇ ಪ್ರಶ್ನೆಗೆ ಸೇರಿದ್ದು. ಮೆಷಿನ್‌ನ 10 ಲಕ್ಷದಲ್ಲಿ 4 ಲಕ್ಷ ಬ್ಯಾಂಕ್ ಸಾಲ ಅನ್ನೋಣ, ಬಡ್ಡಿ ಶೇ. 10. ಬಡ್ಡಿಯನ್ನು ಖರ್ಚು ಅಂತ ತೋರಿಸುವುದರಿಂದ ತೆರಿಗೆ ಉಳಿಯುತ್ತದೆ. ತೆರಿಗೆ ದರ ಶೇ. 25 ಅಂದುಕೊಂಡರೆ ಸಾಲದ ನಿಜವಾದ ವೆಚ್ಚ ಶೇ. 7.5. ಉಳಿದ 6 ಲಕ್ಷ ಮಾಲೀಕರ ಸ್ವಂತದ್ದು. ಸ್ವಂತ ದುಡ್ಡು ಪುಕ್ಕಟೆ ಅಂತ ತುಂಬ ಜನ ತಿಳಿದಿದ್ದಾರೆ, ಅದು ಶುದ್ಧ ತಪ್ಪು. ಅದೇ ದುಡ್ಡು ಎಫ್‌ಡಿಯಲ್ಲಿದ್ದರೆ ಆರಾಮಾಗಿ ಬಡ್ಡಿ ಬರುತ್ತಿತ್ತು. ಅದನ್ನು ಬಿಟ್ಟು ರಿಸ್ಕ್ ತಗೊಂಡವರಿಗೆ ಅದಕ್ಕಿಂತ ಜಾಸ್ತಿ ಸಿಗಬೇಕು ಅಲ್ವಾ? ಶೇ. 15 ಅನ್ನೋಣ. ನಲವತ್ತು ಪಾಲು 7.5ರಲ್ಲಿ, ಅರವತ್ತು ಪಾಲು 15ರಲ್ಲಿ, ಸರಾಸರಿ 12. ಡಬ್ಲ್ಯುಎಸಿಸಿ (ವೆಯ್ಟೆಡ್ ಆವರೇಜ್ ಕಾಸ್ಟ್ ಆಫ್ ಕ್ಯಾಪಿಟಲ್) ಅಂತ ಹೆದರಿಸುವ ಪದದ ಒಳಗೆ ಇರುವುದು ಇಷ್ಟೇ.

ಸಾಲ ಇಷ್ಟು ಅಗ್ಗ ಇದ್ದರೆ ಪೂರ್ತಿ ಸಾಲದಲ್ಲೇ ನಡೆಸಬಾರದಾ ಅಂತ ನಿಮಗೆ ಅನ್ನಿಸಬಹುದು. ಆಗ ಕಿಂಗ್‌ಫಿಷರ್ ಏರ್‌ಲೈನ್ಸ್ ಕಥೆ ಓದಿ. 2005ರಲ್ಲಿ ಹಾರಾಟ ಶುರು, ಆಮೇಲೆ ನಷ್ಟದಲ್ಲಿದ್ದ ಏರ್ ಡೆಕ್ಕನ್ ಖರೀದಿ. ಒಂದು ವರ್ಷವೂ ಲಾಭ ಕಾಣಲಿಲ್ಲ. ಷೇರುದಾರರಿಗೆ ಈ ವರ್ಷ ಡಿವಿಡೆಂಡ್ (ಲಾಭದ ಪಾಲು) ಇಲ್ಲ ಅನ್ನಬಹುದು, ಬ್ಯಾಂಕಿಗೆ ಈ ತಿಂಗಳು ಬಡ್ಡಿ ಇಲ್ಲ ಅನ್ನಲಾಗದು. 2011ರಲ್ಲಿ ಬ್ಯಾಂಕುಗಳು ಸಾಲದ ಒಂದು ಭಾಗವನ್ನು ಷೇರಾಗಿ ಬದಲಿಸಿಕೊಂಡರೂ ಉಳಿಯಲಿಲ್ಲ, 2012ರ ಅಕ್ಟೋಬರ್‌ನಲ್ಲಿ ವಿಮಾನಗಳು ನಿಂತವು. ಸಂಬಳ ಸಿಗದೆ ಕಷ್ಟಪಟ್ಟ ನೌಕರರನ್ನು ನೆನೆದರೆ ಈ ಪಾಠ ಪರೀಕ್ಷೆಗಷ್ಟೇ ಅಲ್ಲ ಅಂತ ಗೊತ್ತಾಗುತ್ತದೆ. ಸಾಲ ಎಷ್ಟು ತರಬಹುದು ಅನ್ನುವುದು ಬಡ್ಡಿ ದರಕ್ಕಿಂತ ಹೆಚ್ಚಾಗಿ, ನಿಮ್ಮ ನಗದು ಪ್ರತಿ ತಿಂಗಳು ತಪ್ಪದೆ ಬರುತ್ತದಾ ಅನ್ನುವುದರ ಮೇಲೆ ನಿಂತಿದೆ.

ಮಾಲೀಕರಿಗೆ ಎಷ್ಟು ಕೊಡಬೇಕು ಅನ್ನುವ ಮೂರನೇ ಪ್ರಶ್ನೆಗೆ ಇನ್ಫೋಸಿಸ್ ನೋಡಿ. ದುಡ್ಡು ಮಿಕ್ಕುವ ಕಂಪನಿ ಅದು. 2017ರಲ್ಲಿ ಮೊದಲ ಸಲ ಬೈಬ್ಯಾಕ್ ಮಾಡಿತು, ಅಂದರೆ ತನ್ನದೇ ಷೇರುಗಳನ್ನು ಷೇರುದಾರರಿಂದ ವಾಪಸ್ ಕೊಂಡಿತು, 13,000 ಕೋಟಿ ರೂಪಾಯಿಯದ್ದು. 2024ರಲ್ಲಿ, ಮುಂದಿನ ಐದು ವರ್ಷ ಸೇರಿಸಿ ಫ್ರೀ ಕ್ಯಾಶ್ ಫ್ಲೋದ (ಖರ್ಚು, ಹೂಡಿಕೆ ಕಳೆದು ಮಿಕ್ಕ ನಗದಿನ) ಸುಮಾರು ಶೇ. 85ರಷ್ಟನ್ನು ಷೇರುದಾರರಿಗೆ ವಾಪಸ್ ಕೊಡುವ ನೀತಿ ಪ್ರಕಟಿಸಿತು. ಒಳಗೆ ಹಾಕಿ ದುಡ್ಡಿನ ವೆಚ್ಚಕ್ಕಿಂತ ಹೆಚ್ಚು ದುಡಿಸುವ ಜಾಗ ಇಲ್ಲದಿದ್ದರೆ ಮಾಲೀಕರಿಗೆ ಕೊಟ್ಟುಬಿಡುವುದೇ ನ್ಯಾಯ, ನಮ್ಮ ಯೂನಿಟ್‌ಗೂ ಇದೇ ಮಾತು.

ಓದಲು ಏನು ಬೇಕು ಅಂದರೆ, ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದ ಹಣಕಾಸು ನಿರ್ವಹಣೆ ಅಧ್ಯಾಯದಿಂದ ಶುರು ಮಾಡಿ. ಆಮೇಲೆ ಸಿಎ ಇಂಟರ್ ಮಟ್ಟದ ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್ ಸ್ಟಡಿ ಮೆಟೀರಿಯಲ್, ಸಿಎ ಪರೀಕ್ಷೆ ನಡೆಸುವ ಐಸಿಎಐ ಸಂಸ್ಥೆಯ ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ಲೆಕ್ಕಗಳು ಚೆನ್ನಾಗಿವೆ. ಇಂಗ್ಲಿಷ್ ಪಾಠ ಕೇಳಲು ಆಗುತ್ತದೆ ಅನ್ನುವವರಿಗೆ ನ್ಯೂಯಾರ್ಕ್ ಯೂನಿವರ್ಸಿಟಿಯ ಪ್ರೊಫೆಸರ್ ಅಸ್ವತ್ಥ್ ದಾಮೋದರನ್ ತಮ್ಮ ಇಡೀ ಕೋರ್ಸನ್ನು ನೆಟ್‌ನಲ್ಲಿ ಬಿಟ್ಟಿದ್ದಾರೆ, ಅದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ಇಷ್ಟಾದ ಮೇಲೆ ಒಂದು ಲಿಸ್ಟೆಡ್ (ಷೇರು ಮಾರ್ಕೆಟ್‌ನಲ್ಲಿರುವ) ಕಂಪನಿಯ ವಾರ್ಷಿಕ ವರದಿ ಡೌನ್‌ಲೋಡ್ ಮಾಡಿ, ಎನ್‌ಎಸ್‌ಇ, ಬಿಎಸ್‌ಇ ಸೈಟುಗಳಲ್ಲಿ ಎಲ್ಲರದ್ದೂ ಇದೆ. ಬ್ಯಾಂಕು, ಇನ್ಶೂರೆನ್ಸ್ ಕಂಪನಿ ಬೇಡ, ಅವುಗಳ ಲೆಕ್ಕದ ರೀತಿಯೇ ಬೇರೆ. ಮುಂದಿನ ಚಂದದ ಫೋಟೋಗಳನ್ನು ದಾಟಿ ನೇರ ಕ್ಯಾಶ್ ಫ್ಲೋಗೆ ಹೋಗಿ. ಐದು ವರ್ಷದ ಲಾಭ ಒಂದು ಸಾಲಿನಲ್ಲಿ, ವ್ಯವಹಾರದಿಂದ ಬಂದ ನಗದು ಅದರ ಕೆಳಗಿನ ಸಾಲಿನಲ್ಲಿ ಬರೆಯಿರಿ. ಎರಡರ ನಡುವೆ ವರ್ಷ ವರ್ಷವೂ ದೊಡ್ಡ ಅಂತರ ಇದ್ದರೆ ಉದ್ರಿ ಎಷ್ಟು ಬೆಳೆದಿದೆ, ದಾಸ್ತಾನು ಎಷ್ಟಿದೆ ಅಂತ ಬ್ಯಾಲೆನ್ಸ್ ಶೀಟಿನಲ್ಲಿ ಹುಡುಕಿ. ಸಾಲದ ವಿವರ ನೋಟ್ಸ್‌ನಲ್ಲಿರುತ್ತದೆ. ಎರಡನೇ ಕಂಪನಿ ಆರಿಸುವಾಗ ಅದೇ ವ್ಯಾಪಾರದ್ದನ್ನೇ ಆರಿಸಿ, ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆಯಿರಿ.