ಗ್ರಾನೈಟ್ ಕ್ವಾರಿಯ ಸಹಜ ವಿಕಿರಣವನ್ನು ಅಳೆದ ನನ್ನ ಅನುಭವ

ಯಾವುದೇ ಕ್ವಾರಿಗೆ ಹೊರಡುವ ಮುನ್ನ ನಾನು ಭೂವೈಜ್ಞಾನಿಕ ನಕ್ಷೆಯನ್ನು ಹರಡಿಕೊಂಡು ಕೂರುತ್ತೇನೆ. ವ್ಯಾಪಾರದಲ್ಲಿ ಎಲ್ಲ ಕಲ್ಲಿಗೂ ಗ್ರಾನೈಟ್ ಎಂಬ ಒಂದೇ ಹೆಸರಿದ್ದರೂ ಚಾಮರಾಜನಗರದ ಕರಿಕಲ್ಲು ವಾಸ್ತವವಾಗಿ ಡೋಲೆರೈಟ್ ಎಂಬ ಬೇರೆ ಜಾತಿಯ ಅಗ್ನಿಶಿಲೆ. ಕಲ್ಲಿನ ಸಹಜ ವಿಕಿರಣಕ್ಕೆ ಮೂಲವಾದ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಮೂರೂ ಅದರಲ್ಲಿ ಕಡಿಮೆ. ರಾಮನಗರದ ಕಡೆಯಿಂದ ಉತ್ತರಕ್ಕೆ ಚಾಚಿಕೊಂಡಿರುವ, ಸುಮಾರು 250 ಕೋಟಿ ವರ್ಷ ಹಳೆಯದಾದ ಕ್ಲೋಸ್‌ಪೇಟೆ ಗ್ರಾನೈಟಿನಲ್ಲಾದರೋ ಗುಲಾಬಿ ಬಣ್ಣದ ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಧಾರಾಳವಾಗಿರುತ್ತದೆ, ಜಿರ್ಕಾನ್, ಅಲ್ಲನೈಟ್‌ನಂಥ ಖನಿಜಗಳ ಸಣ್ಣ ಕಣಗಳಲ್ಲಿ ಯುರೇನಿಯಂ ಮತ್ತು ಥೋರಿಯಂ ಸೇರಿಕೊಂಡಿರುತ್ತವೆ.

ಸ್ಥಳದಲ್ಲಿ ಗಾಮಾ ಕಿರಣಗಳನ್ನು ಅಳೆಯುವ ಸಿಂಟಿಲೇಷನ್ ಮೀಟರನ್ನು ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಹಿಡಿದು, ಮುಳ್ಳು ನೆಲೆಗೊಳ್ಳುವವರೆಗೆ ಕಾದು ಬರೆದುಕೊಳ್ಳುತ್ತೇನೆ. ಗಂಟೆಗೆ ಇಷ್ಟು ಮೈಕ್ರೋರಾಂಟ್‌ಜೆನ್ (ವಿಕಿರಣದ ಹಳೆಯ ಮಾನ) ಎಂದು ಬಂದ ಅಂಕಿಯನ್ನು 8.7ರಿಂದ ಗುಣಿಸಿದರೆ ಗಂಟೆಗೆ ಇಷ್ಟು ನ್ಯಾನೊಗ್ರೇ (ಹೀರಿಕೊಂಡ ವಿಕಿರಣದ, ಅಂದರೆ ಡೋಸ್‌ನ ಮಾನ) ಎಂದು ಸಿಗುತ್ತದೆ. ಕ್ವಾರಿಯ ಹೊರಗಿನ ಹೊಲದಲ್ಲಿಯೂ ಅಳೆಯದೆ ಹಿಂತಿರುಗುವುದಿಲ್ಲ, ಏಕೆಂದರೆ ಹೋಲಿಕೆಗೆ ಹಿನ್ನೆಲೆಯ ಮಟ್ಟ ಬೇಕೇ ಬೇಕು. ಕಾಸ್ಮಿಕ್ ಕಿರಣಗಳ ಪಾಲು ಸಮುದ್ರಮಟ್ಟದಲ್ಲೇ ಗಂಟೆಗೆ ಸುಮಾರು 30 ನ್ಯಾನೊಗ್ರೇ ಇದ್ದು, ನಮ್ಮ ಪ್ರಸ್ಥಭೂಮಿಯ ಎತ್ತರದಲ್ಲಿ ಇನ್ನೂ ಸ್ವಲ್ಪ ಹೆಚ್ಚಿರುವುದರಿಂದ ಅದನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ.

ಅನನುಭವಿಗಳನ್ನು ಗಾಬರಿಗೊಳಿಸುವ ಸಂಗತಿಯೊಂದು ಇಲ್ಲಿದೆ. ಆಳವಾದ ಗುಂಡಿಯ ಮೂಲೆಯಲ್ಲಿ, ಎರಡು ಗೋಡೆಗಳು ಕೂಡುವಲ್ಲಿ, ಮೀಟರಿನ ಅಂಕಿ ಬಯಲಿಗಿಂತ ಸ್ಪಷ್ಟವಾಗಿ ಏರುತ್ತದೆ. ಕಲ್ಲು ಬದಲಾಗಿರುವುದಿಲ್ಲ, ಬಯಲಿನಲ್ಲಿ ಕಾಲಡಿಯಿಂದ ಮಾತ್ರ ಬರುತ್ತಿದ್ದ ಗಾಮಾ ಕಿರಣಗಳು ಇಲ್ಲಿ ಪಕ್ಕದಿಂದಲೂ ಬರುತ್ತವೆ. ಪ್ರಯೋಗಾಲಯದ ಅಂಕಿಗಳಿಂದ ಡೋಸ್ ಲೆಕ್ಕ ಹಾಕಲು ಬಳಸುವ ಗುಣಾಂಕಗಳು, ಅಂದರೆ ಪ್ರತಿ ಕಿಲೋಗ್ರಾಮಿನ ಒಂದು ಬೆಕೆರೆಲ್‌ಗೆ (ಸೆಕೆಂಡಿಗೆ ಒಂದು ಪರಮಾಣು ವಿಘಟನೆ) ಯುರೇನಿಯಂ ಸರಣಿಯ ರೇಡಿಯಂ 0.462, ಥೋರಿಯಂ 0.604, ಪೊಟ್ಯಾಸಿಯಂ 0.0417 ನ್ಯಾನೊಗ್ರೇ ಗಂಟೆಗೆ, ಅಂಚಿಲ್ಲದ ಸಮತಟ್ಟು ನೆಲವನ್ನು ಕಲ್ಪಿಸಿಕೊಂಡು ರೂಪಿಸಿದವು. ಗುಂಡಿಯೊಳಗಿನ ಅಳತೆ ಈ ಲೆಕ್ಕವನ್ನು ಮೀರಿದಾಗ ಕಲ್ಲಿನ ಮಾದರಿಯನ್ನು ಅನುಮಾನಿಸುವ ಮೊದಲು ನಾನು ಗೋಡೆಯ ಎತ್ತರವನ್ನು ನೋಡುತ್ತೇನೆ. ಕೆಲಸಗಾರನ ಡೋಸ್‌ಗೆ ನಾನು ನಂಬುವುದು ಅವನು ನಿಂತ ಜಾಗದ ಅಳತೆಯನ್ನೇ.

ಆದರೂ ಕಲ್ಲಿನ ಮಾದರಿ ಬೇಕು, ವಿಕಿರಣದ ಮೂಲ ಯಾವ ಧಾತುವೆಂದು ಮೀಟರ್ ಹೇಳುವುದಿಲ್ಲ. ಕಲ್ಲನ್ನು ಪುಡಿಮಾಡಿ, ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸುಮಾರು ಒಂದು ತಿಂಗಳು ಮುಚ್ಚಿಡುತ್ತೇನೆ. ಪುಡಿಮಾಡುವಾಗ ತಪ್ಪಿಸಿಕೊಂಡ ರೇಡಾನ್ (ರೇಡಿಯಂನಿಂದ ಹುಟ್ಟುವ ವಿಕಿರಣಶೀಲ ಅನಿಲ), ಅದರ ಅರ್ಧಾಯುಷ್ಯ 3.8 ದಿನವಾದ್ದರಿಂದ, ಆ ಅವಧಿಯಲ್ಲಿ ರೇಡಿಯಂನೊಂದಿಗೆ ಮತ್ತೆ ಸಮತೋಲನಕ್ಕೆ ಬರುತ್ತದೆ. ಆಮೇಲಷ್ಟೇ, ಕಿರಣಗಳನ್ನು ಶಕ್ತಿಯ ಪ್ರಕಾರ ಬೇರ್ಪಡಿಸುವ ಗಾಮಾ ಸ್ಪೆಕ್ಟ್ರೋಮೀಟರಿನಲ್ಲಿ ಯುರೇನಿಯಂ ಸರಣಿಯನ್ನು ತೋರಿಸುವ ಬಿಸ್ಮತ್-214ರ 1764, ಥೋರಿಯಂ ಸರಣಿಯನ್ನು ತೋರಿಸುವ ಥ್ಯಾಲಿಯಂ-208ರ 2614, ಪೊಟ್ಯಾಸಿಯಂ-40ರ 1461 ಕಿಲೋಎಲೆಕ್ಟ್ರಾನ್ ವೋಲ್ಟ್ ಶಿಖರಗಳನ್ನು ಓದಬಹುದು. ಅವಸರದಲ್ಲಿರುವ ಗುತ್ತಿಗೆದಾರರಿಗೆ ಈ ಕಾಯುವಿಕೆ ಹಿಡಿಸುವುದಿಲ್ಲ.

ಗಂಟೆಗೆ 200 ನ್ಯಾನೊಗ್ರೇ ಇರುವ ಜಾಗದಲ್ಲಿ ಒಬ್ಬನು ವರ್ಷಕ್ಕೆ 2000 ಗಂಟೆ ದುಡಿದನೆಂದು ಇಟ್ಟುಕೊಂಡು, ಗ್ರೇಯನ್ನು ದೇಹದ ಮೇಲಿನ ಪರಿಣಾಮದ ಮಾನವಾದ ಸೀವರ್ಟ್‌ಗೆ ಬದಲಿಸುವ 0.7ರ ಪರಿವರ್ತನಾಂಕ ಬಳಸಿದರೆ ವರ್ಷಕ್ಕೆ 0.28 ಮಿಲಿಸೀವರ್ಟ್ ಆಗುತ್ತದೆ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು ಯುರೇನಿಯಂ, ಥೋರಿಯಂ ಸರಣಿಗಳ ನಿಯಂತ್ರಣಕ್ಕೆ ಇಟ್ಟಿರುವ ಗಡಿ ಪ್ರತಿ ಕಿಲೋಗ್ರಾಮಿಗೆ 1000 ಬೆಕೆರೆಲ್. ಸಾಮಾನ್ಯ ಗ್ರಾನೈಟ್ ಅದಕ್ಕಿಂತ ಬಹಳ ಕೆಳಗೇ ಇರುತ್ತದೆ. ಕೇರಳದ ಚವರದ ಮರಳಿನಿಂದ ಬೇರ್ಪಡಿಸುವ ಮೊನಜೈಟ್‌ನಲ್ಲಿ ಥೋರಿಯಂ ಒಂದೇ ಲಕ್ಷಗಟ್ಟಲೆ ಬೆಕೆರೆಲ್ ಇರುವುದನ್ನು ಪಕ್ಕದಲ್ಲಿಟ್ಟರೆ ಅಂತರ ತಿಳಿಯುತ್ತದೆ.

ಹೀಗಾಗಿ ತೆರೆದ ಕ್ವಾರಿಯ ವರದಿಯಲ್ಲಿ ನಾನು ಹೆಚ್ಚು ಬರೆಯುವುದು ದೂಳಿನ ಬಗ್ಗೆ. ಉಸಿರಿನೊಂದಿಗೆ ಒಳಹೋಗುವ ಕಣಗಳು ಆಲ್ಫಾ ಕಿರಣ ಸೂಸುವ ಧಾತುಗಳನ್ನೂ ಸಿಲಿಕಾವನ್ನೂ ಒಟ್ಟಿಗೇ ಒಯ್ಯುತ್ತವೆ, ಇವೆರಡರ ಹಾನಿಗಳಲ್ಲಿ ಸಿಲಿಕಾ ದೂಳಿನಿಂದ ಬರುವ ಶ್ವಾಸಕೋಶದ ರೋಗವಾದ ಸಿಲಿಕೋಸಿಸ್ ಬೇಗ ಬಾಧಿಸುವಂಥದ್ದು. ನೀರು ಹಾಯಿಸಿ ಡ್ರಿಲ್ ಮಾಡುವುದರಿಂದ ಎರಡೂ ತಗ್ಗುತ್ತವೆ. ಹಟ್ಟಿಯ ಚಿನ್ನದ ಗಣಿಯಂಥ ನೆಲದಡಿಯ ಸುರಂಗವಾದರೆ ಕೆಲಸದ ಕ್ರಮವೇ ಬೇರೆ: ಅಲ್ಲಿ ರೇಡಾನ್ ಅಳತೆ ಮೊದಲು ಆಗಬೇಕು, ಗಾಳಿಯ ಹರಿವು ಕುಂದುವ, ಒಂದು ತುದಿ ಮುಚ್ಚಿದ ಕುರುಡು ಸುರಂಗಗಳಲ್ಲಿ ಆಲ್ಫಾ ಕಣಗಳ ಜಾಡನ್ನು ದಾಖಲಿಸುವ ಪತ್ತೆಫಿಲ್ಮುಗಳನ್ನು ವಾರಗಟ್ಟಲೆ ತೂಗುಹಾಕಬೇಕು.